ಕೋಡ್ ಕಡತದ ತಲೆಯಲ್ಲಿ ಎರಡು ಸಾಲು: ಹಕ್ಕುಸ್ವಾಮ್ಯ ಮತ್ತು ಪರವಾನಗಿ ಸೂಚನೆಗಳನ್ನು ಬರೆಯುವ ಕ್ರಮ

ಓಪನ್ ಸೋರ್ಸ್ ಯೋಜನೆಯ ಕೋಡ್ ಯಾವಾಗಲೂ ಇಡಿಯಾಗಿಯೇ ಸಂಚರಿಸುವುದಿಲ್ಲ. ಯಾರಿಗೋ ದಿನಾಂಕಗಳನ್ನು ಹೋಲಿಸುವ ಒಂದು ಕಡತ ಬೇಕಾಗುತ್ತದೆ. ಅವರು ಅದೊಂದನ್ನೇ ತೆಗೆದು ತಮ್ಮ ಯೋಜನೆಗೆ ಸೇರಿಸಿಕೊಳ್ಳುತ್ತಾರೆ, ಅಲ್ಲಿಂದ ಅದನ್ನು ಮತ್ತೊಬ್ಬರು ಎತ್ತಿಕೊಳ್ಳುತ್ತಾರೆ. ಮೂಲ ಯೋಜನೆಯ ಮುಖ್ಯ ಫೋಲ್ಡರಿನಲ್ಲಿದ್ದ ಪರವಾನಗಿಯ ಪಠ್ಯ ಹಿಂದೆಯೇ ಉಳಿಯುತ್ತದೆ, ಕೋಡಿನ ಬದಲಾವಣೆಗಳ ಇತಿಹಾಸವನ್ನು ಇಡುವ ಗಿಟ್‌ನಲ್ಲಿ ದಾಖಲಾಗಿದ್ದ ಬರೆದವರ ಹೆಸರುಗಳೂ ಹಿಂದೆಯೇ ಉಳಿಯುತ್ತವೆ. ಕೆಲವು ವರ್ಷಗಳ ನಂತರ ಆ ಕಡತ ಯಾರ ಕೈ ಸೇರುತ್ತದೆಯೋ ಅವರು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ಇದು ಯಾರದು, ಇದನ್ನು ಯಾವ ಷರತ್ತಿನ ಮೇಲೆ ಬಳಸಬಹುದು? ಈ ಎರಡಕ್ಕೂ ಆಗ ಉತ್ತರ ಕೊಡಬಲ್ಲದ್ದು ಆ ಕಡತದ ತಲೆಯಲ್ಲಿ ಬರೆದ ಸಾಲುಗಳು ಮಾತ್ರ. ಅವುಗಳನ್ನು ಸರಿಯಾಗಿ ಬರೆಯುವುದು ಹೇಗೆ, ಬೇರೆಯವರು ಬರೆದದ್ದನ್ನು ಕಾಪಾಡುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಹಕ್ಕುಸ್ವಾಮ್ಯ ಹುಟ್ಟುವುದಕ್ಕೆ ಇಂತಹ ಸೂಚನೆ ಬೇಕಿಲ್ಲ ಎಂಬುದು ನಿಜ. ಹಕ್ಕುಸ್ವಾಮ್ಯ ಕುರಿತ 1886ರ ಅಂತರರಾಷ್ಟ್ರೀಯ ಬರ್ನ್ ಒಪ್ಪಂದವನ್ನು 1908ರಲ್ಲಿ ಬರ್ಲಿನ್‌ನಲ್ಲಿ ಪರಿಷ್ಕರಿಸಿದಾಗ, ನೋಂದಣಿ ಅಥವಾ ಸೂಚನೆಯಂತಹ ಯಾವ ವಿಧಿಯನ್ನೂ ಪೂರೈಸದೆ ಕೃತಿಗೆ ರಕ್ಷಣೆ ದೊರೆಯಬೇಕೆಂಬ ನಿಯಮ ಅದರಲ್ಲಿ ಸೇರಿತು. ಅಮೆರಿಕದಲ್ಲಿ ಆ ಒಪ್ಪಂದ ಜಾರಿಗೆ ಬಂದದ್ದು 1989ರ ಮಾರ್ಚ್ 1ರಂದು. ಅದಕ್ಕೆ ಮುಂಚೆ ಸೂಚನೆಯಿಲ್ಲದೆ ಪ್ರಕಟವಾದ ಕೃತಿ ಅಲ್ಲಿ ರಕ್ಷಣೆಯನ್ನೇ ಕಳೆದುಕೊಳ್ಳುವ ಅಪಾಯವಿತ್ತು. ಈಗ ಆ ಅಪಾಯವಿಲ್ಲ. ಆದರೆ ರಕ್ಷಣೆ ತಾನಾಗಿಯೇ ಬರುತ್ತದೆ ಎಂಬ ಕಾರಣಕ್ಕೇ ಪರವಾನಗಿಯ ಸೂಚನೆಯ ಮಹತ್ವ ಹೆಚ್ಚಿದೆ. ಏನೂ ಬರೆಯದೆ ಬಿಟ್ಟ ಕಡತವನ್ನು ಎಲ್ಲರೂ ಬಳಸಬಹುದೆಂದು ಅನೇಕರು ತಿಳಿದಿದ್ದಾರೆ. ಕಾನೂನಿನ ಕಣ್ಣಿನಲ್ಲಿ ಅದು ಯಾರಿಗೂ ಅನುಮತಿ ಕೊಡದ ಕಡತ. ಹಂಚಿಕೊಳ್ಳಬೇಕೆಂಬ ಒಳ್ಳೆಯ ಮನಸ್ಸು ಬರೆದವರಲ್ಲಿ ಇದ್ದರೂ ಬರಹದಲ್ಲಿ ಇಲ್ಲದಿದ್ದರೆ, ಎಚ್ಚರದಿಂದ ಕೆಲಸ ಮಾಡುವ ಬಳಕೆದಾರರು ಆ ಕೋಡನ್ನು ಮುಟ್ಟಲಾರರು.

ಮೊದಲ ಹಂತ: ಹಕ್ಕು ಯಾರದೆಂದು ತಿಳಿದುಕೊಳ್ಳುವುದು

ಸಂಪಾದಕ ತಂತ್ರಾಂಶವನ್ನು ತೆರೆಯುವ ಮುನ್ನ ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಕೋಡ್ ಬರೆದವರೇ ಅದರ ಹಕ್ಕುದಾರರಾಗಿರಬೇಕೆಂದಿಲ್ಲ. ಉದ್ಯೋಗದ ಭಾಗವಾಗಿ ಬರೆದ ಕೋಡಿನ ಹಕ್ಕು ಅನೇಕ ದೇಶಗಳ ಕಾನೂನಿನಂತೆ, ಅಥವಾ ಉದ್ಯೋಗ ಕರಾರಿನಂತೆ, ಉದ್ಯೋಗದಾತರಿಗೆ ಸೇರುತ್ತದೆ. ಗುತ್ತಿಗೆಯ ಮೇಲೆ ಬರೆದುಕೊಟ್ಟದ್ದಾದರೆ ಕರಾರಿನ ಮಾತುಗಳನ್ನೇ ಓದಿ ನೋಡಬೇಕು. ರಾತ್ರಿ ಮನೆಯಲ್ಲಿ ಕುಳಿತು ಬರೆದ ಕೋಡಿನ ಮೇಲೂ ಹಕ್ಕು ಕೇಳುವ ಕರಾರುಗಳಿವೆ. ಹಕ್ಕು ಯಾರದೋ ಅವರ ಹೆಸರೇ ಸಾಲಿನಲ್ಲಿ ಬರಬೇಕು, ಪರವಾನಗಿ ಕೊಡುವ ಅಧಿಕಾರವೂ ಅವರದೇ.

ಹಲವರು ಸೇರಿ ಕಟ್ಟಿದ ಯೋಜನೆಯಲ್ಲಿ, ಹಕ್ಕನ್ನು ಒಂದು ಸಂಸ್ಥೆಗೆ ವರ್ಗಾಯಿಸುವ ಒಪ್ಪಂದ ಇಲ್ಲದಿದ್ದರೆ, ಪ್ರತಿಯೊಬ್ಬರಿಗೂ ತಾವು ಬರೆದ ಭಾಗದ ಮೇಲಿನ ಹಕ್ಕು ತಮ್ಮಲ್ಲಿಯೇ ಉಳಿಯುತ್ತದೆ. ಎಲ್ಲರ ಹೆಸರನ್ನೂ ಪ್ರತಿ ಕಡತದಲ್ಲಿ ಬರೆಯುತ್ತಾ ಹೋದರೆ ಕೋಡಿಗಿಂತ ಪಟ್ಟಿಯೇ ಉದ್ದವಾದೀತು. ಆದ್ದರಿಂದ ಕುಬರ್ನೆಟೀಸ್, ಕ್ರೋಮಿಯಂ ಮತ್ತು ಗೋ ಯೋಜನೆಗಳು ಯೋಜನೆಯ ಹೆಸರಿನ ಮುಂದೆ ಆಥರ್ಸ್ ಎಂಬ ಪದವನ್ನು ಸೇರಿಸಿ, ಬರೆದವರೆಲ್ಲರನ್ನೂ ಒಟ್ಟಾಗಿ ಸೂಚಿಸುತ್ತವೆ. ಇದು ಒಳ್ಳೆಯ ಪದ್ಧತಿ. ಯಾರೊಬ್ಬರೂ ಮಿಕ್ಕವರ ಹಕ್ಕನ್ನು ತಮ್ಮದೆಂದು ಹೇಳಿಕೊಂಡಂತಾಗುವುದಿಲ್ಲ, ಹೊಸಬರು ಸೇರಿದಾಗಲೆಲ್ಲ ಸಾಲನ್ನು ತಿದ್ದಬೇಕಾಗುವುದೂ ಇಲ್ಲ.

ಎರಡನೆಯ ಹಂತ: ಪರವಾನಗಿಯ ಪೂರ್ಣ ಪಠ್ಯವನ್ನು ಇಡುವುದು

ಆಯ್ದುಕೊಂಡ ಪರವಾನಗಿಯ ಅಧಿಕೃತ ಪಠ್ಯವನ್ನು ಒಂದಕ್ಷರವನ್ನೂ ಬದಲಿಸದೆ ಯೋಜನೆಯ ಮುಖ್ಯ ಫೋಲ್ಡರಿನಲ್ಲಿ ಲೈಸೆನ್ಸ್ ಅಥವಾ ಕಾಪಿಯಿಂಗ್ ಎಂಬ ಹೆಸರಿನ ಕಡತದಲ್ಲಿ ಇಡಬೇಕು. ಎಂಐಟಿ, ಬಿಎಸ್‌ಡಿಯಂತಹ ಚಿಕ್ಕ ಪರವಾನಗಿಗಳಲ್ಲಿ ಮಾತ್ರ ಮೇಲಿನ ಹಕ್ಕುಸ್ವಾಮ್ಯದ ಸಾಲನ್ನು ನೀವೇ ತುಂಬಬೇಕು; ಅಲ್ಲಿ ವರ್ಷ ಮತ್ತು ಹೆಸರಿಗಾಗಿ ಬಿಟ್ಟ ಖಾಲಿ ಜಾಗವನ್ನು ಹಾಗೆಯೇ ಉಳಿಸಿದ ಯೋಜನೆಗಳು ಕಡಿಮೆಯಿಲ್ಲ. ಕಡತದ ತಲೆಯಲ್ಲಿ ಬರೆಯುವ ಸಾಲು ಈ ಪಠ್ಯದ ಕಡೆಗೆ ಬೆರಳು ತೋರಿಸುತ್ತದೆಯೇ ಹೊರತು ಅದರ ಸ್ಥಾನವನ್ನು ತುಂಬುವುದಿಲ್ಲ.

ಮೂರನೆಯ ಹಂತ: ಸಾಲುಗಳನ್ನು ಬರೆಯುವುದು

ಹಕ್ಕುಸ್ವಾಮ್ಯದ ಸಾಲಿನಲ್ಲಿ ಮೂರು ಅಂಶಗಳಿರುವುದು ವಾಡಿಕೆ: ಕಾಪಿರೈಟ್ ಎಂಬ ಪದ, ಮೊದಲು ಪ್ರಕಟಿಸಿದ ವರ್ಷ, ಹಕ್ಕುದಾರರ ಹೆಸರು. ವೃತ್ತದೊಳಗಿನ ಸಿ ಚಿಹ್ನೆಯನ್ನೂ ಬಳಸಬಹುದು. ಆದರೆ ಪದವೇ ಸಾಕು, ಅಕ್ಷರ ಸಂಕೇತಗಳ ತೊಡಕೂ ತಪ್ಪುತ್ತದೆ. ಆವರಣದೊಳಗೆ ಸಿ ಅಕ್ಷರ ಹಾಕಿ ಬರೆಯುವ ರೂಢಿ ವ್ಯಾಪಕವಾಗಿದ್ದರೂ ಅಮೆರಿಕದ ಕಾನೂನು ಹೆಸರಿಸುವುದು ಚಿಹ್ನೆಯನ್ನು, ಕಾಪಿರೈಟ್ ಎಂಬ ಪದವನ್ನು ಮತ್ತು ಅದರ ಸಂಕ್ಷೇಪವನ್ನು ಮಾತ್ರ. ಕೊನೆಯಲ್ಲಿ ಆಲ್ ರೈಟ್ಸ್ ರಿಸರ್ವ್ಡ್ ಎಂದು ಸೇರಿಸುವ ಅಭ್ಯಾಸ 1910ರ ಬ್ಯೂನಸ್ ಐರಿಸ್ ಒಪ್ಪಂದದ ಕಾಲದಿಂದ ಬಂದದ್ದು. ಇಂದು ಅದರಿಂದ ಕಾನೂನಿನ ಪ್ರಯೋಜನವೇನೂ ಇಲ್ಲ. ಎಲ್ಲರಿಗೂ ಅನುಮತಿ ಕೊಡುವ ಕಡತದ ತಲೆಯಲ್ಲಿಯೇ ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಿದೆ ಎಂದು ಬರೆದರೆ ಓದುವವರು ಗೊಂದಲಕ್ಕೆ ಬೀಳುತ್ತಾರೆ. ಹೊಸ ಕಡತಗಳಲ್ಲಿ ಅದನ್ನು ಬಿಡುವುದೇ ಲೇಸು.

ವರ್ಷದ ವಿಷಯದಲ್ಲಿ ಅನಗತ್ಯ ಶ್ರಮ ಬಹಳಷ್ಟು ವ್ಯರ್ಥವಾಗುತ್ತಿದೆ. ಪ್ರತಿ ಜನವರಿಯಲ್ಲೂ ಒಂದು ಸ್ಕ್ರಿಪ್ಟ್ ಓಡಿಸಿ ಎಲ್ಲ ಕಡತಗಳ ವರ್ಷವನ್ನು ಹೊಸ ವರ್ಷಕ್ಕೆ ಬದಲಿಸುವ ಯೋಜನೆಗಳಿವೆ. ಇದು ಬೇಡ. ಬದಲಾಗದ ಕಡತಕ್ಕೆ ಹೊಸ ವರ್ಷ ಹಚ್ಚಿದರೆ ಅದು ಸುಳ್ಳು ಮಾಹಿತಿಯಾಗುತ್ತದೆ. ಮೊದಲ ಪ್ರಕಟಣೆಯ ವರ್ಷವನ್ನು ಬರೆದು ಬಿಟ್ಟುಬಿಡಬಹುದು. ಗಣನೀಯ ಬದಲಾವಣೆಯಾದಾಗ ಮೊದಲ ವರ್ಷದಿಂದ ಆ ವರ್ಷದವರೆಗೆ ಎಂದು ಬರೆಯಬಹುದು. ವರ್ಷವನ್ನು ಪೂರ್ತಿಯಾಗಿ ಕೈಬಿಡಲೂಬಹುದು. ಕರ್ಲ್ ಯೋಜನೆ 2023ರ ಜನವರಿಯಲ್ಲಿ ಈ ಕೊನೆಯ ದಾರಿಯನ್ನೇ ಹಿಡಿದು ತನ್ನ ಕಡತಗಳಿಂದ ವರ್ಷಗಳನ್ನು ತೆಗೆದುಹಾಕಿತು. ಯಾವುದನ್ನು ಆಯ್ದರೂ ಯೋಜನೆಯುದ್ದಕ್ಕೂ ಅದೇ ಕ್ರಮವಿರಲಿ.

ಎರಡನೆಯ ಸಾಲು ಪರವಾನಗಿಯದು. ಹಿಂದೆ ಇಲ್ಲಿ ಹದಿನೈದು ಇಪ್ಪತ್ತು ಸಾಲುಗಳ ಪ್ಯಾರಾಗಳನ್ನು ಬರೆಯುತ್ತಿದ್ದರು. ಹಾಗೆ ಬರೆದದ್ದು ಹೇಗೆ ಹಳತಾಗುತ್ತದೆ ಎಂಬುದಕ್ಕೆ ಜಿಪಿಎಲ್ ಎಂಬ ಪರವಾನಗಿಯ ಸೂಚನೆಗಳೇ ಸಾಕ್ಷಿ: ಪರವಾನಗಿಯ ಪ್ರತಿಗಾಗಿ ಅದನ್ನು ಪ್ರಕಟಿಸುವ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಪತ್ರ ಬರೆಯಿರಿ ಎಂದು ಹೇಳುವ ಕಡತಗಳಲ್ಲಿ ಕೆಲವು ಮ್ಯಾಸಚೂಸೆಟ್ಸ್ ಅವೆನ್ಯೂ ವಿಳಾಸವನ್ನು, ಕೆಲವು ಟೆಂಪಲ್ ಪ್ಲೇಸ್ ವಿಳಾಸವನ್ನು, ಮತ್ತೆ ಕೆಲವು ಫ್ರಾಂಕ್ಲಿನ್ ಸ್ಟ್ರೀಟ್ ವಿಳಾಸವನ್ನು ಇಂದಿಗೂ ಹೊತ್ತಿವೆ, 2024ರಲ್ಲಿ ಆ ಕೊನೆಯ ಕಚೇರಿಯನ್ನೂ ಪ್ರತಿಷ್ಠಾನ ಮುಚ್ಚಿತು. ಈ ತೊಂದರೆಗೆ ಪರಿಹಾರವಾಗಿ ಬಂದದ್ದು ಲಿನಕ್ಸ್ ಫೌಂಡೇಶನ್ ಆಶ್ರಯದ ಎಸ್‌ಪಿಡಿಎಕ್ಸ್ ಗುರುತು, ಅಂದರೆ ಪರವಾನಗಿಯನ್ನು ಒಂದೇ ಸಾಲಿನಲ್ಲಿ ಹೇಳುವ ಕ್ರಮ. ಎಸ್‌ಪಿಡಿಎಕ್ಸ್ ಲೈಸೆನ್ಸ್ ಐಡೆಂಟಿಫೈಯರ್ ಎಂಬ ಮೂರು ಪದಗಳನ್ನು ನಡುವೆ ಅಡ್ಡಗೆರೆ ಹಾಕಿ ಬರೆದು, ವಿವರಣ ಚಿಹ್ನೆಯ ನಂತರ ಪರವಾನಗಿಯ ಚಿಕ್ಕ ಹೆಸರನ್ನು ಬರೆದರೆ ಕೆಲಸ ಮುಗಿಯಿತು. ಎಂಐಟಿ, ಅಪಾಚೆ-2.0, ಎಂಪಿಎಲ್-2.0 ಮೊದಲಾದ ಚಿಕ್ಕ ಹೆಸರುಗಳನ್ನು ಎಸ್‌ಪಿಡಿಎಕ್ಸ್ ಪಟ್ಟಿಯಲ್ಲಿ ಇರುವಂತೆಯೇ ರೋಮನ್ ಅಕ್ಷರಗಳಲ್ಲಿ ನಕಲು ಮಾಡಬೇಕು. ಯಂತ್ರಗಳು ಓದುವುದು ಆ ರೂಪವನ್ನೇ. ಈ ವಿವರಣಾ ಕ್ರಮವು 2021ರಲ್ಲಿ ಐಎಸ್‌ಒ/ಐಇಸಿ 5962 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು.

ಜಿಪಿಎಲ್ ಕುಟುಂಬದ ಪರವಾನಗಿಗಳನ್ನು ಆಯ್ದವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಜಿಪಿಎಲ್ ಎರಡನೆಯ ಆವೃತ್ತಿ 1991ರಲ್ಲಿಯೂ ಮೂರನೆಯದು 2007ರಲ್ಲಿಯೂ ಬಂದವು. ಈ ಆವೃತ್ತಿ ಮಾತ್ರ ಎನ್ನುವುದಕ್ಕೂ, ಈ ಆವೃತ್ತಿ ಅಥವಾ ಮುಂದೆ ಬರುವ ಯಾವುದೇ ಆವೃತ್ತಿ ಎನ್ನುವುದಕ್ಕೂ ವ್ಯತ್ಯಾಸ ದೊಡ್ಡದು: ಎರಡನೆಯ ಆವೃತ್ತಿ ಮಾತ್ರ ಎಂದು ಹೇಳುವ ಕೋಡನ್ನು ಮೂರನೆಯ ಆವೃತ್ತಿಯ ಕೋಡಿನೊಂದಿಗೆ ಬೆರೆಸಿ ಒಂದೇ ಕೃತಿಯಾಗಿ ಹಂಚಲಾಗದು, ಮುಂದಿನ ಆವೃತ್ತಿಗೂ ಅವಕಾಶ ಕೊಟ್ಟದ್ದಾದರೆ ಹಂಚಬಹುದು. ಈ ಎರಡೂ ಸಂದರ್ಭಗಳಲ್ಲಿ ಮುಖ್ಯ ಫೋಲ್ಡರಿನಲ್ಲಿರುವ ಪರವಾನಗಿಯ ಪಠ್ಯ ಅಕ್ಷರಶಃ ಒಂದೇ ಆಗಿರುತ್ತದೆ, ಆದ್ದರಿಂದ ಆ ಪಠ್ಯವನ್ನು ಎಷ್ಟು ಸಲ ಓದಿದರೂ ಹಕ್ಕುದಾರರ ಇಚ್ಛೆ ತಿಳಿಯುವುದಿಲ್ಲ. ಆಯ್ಕೆಯನ್ನು ಹೇಳಬೇಕಾದದ್ದು ಸೂಚನೆಯೇ. ಆವೃತ್ತಿಯ ಸಂಖ್ಯೆಯನ್ನು ಎಲ್ಲಿಯೂ ಹೇಳದಿದ್ದರೆ ಪ್ರಕಟವಾದ ಯಾವ ಆವೃತ್ತಿಯನ್ನಾದರೂ ಬಳಕೆದಾರರು ಆಯ್ದುಕೊಳ್ಳಬಹುದು ಎಂದು ಪರವಾನಗಿಯ ಒಳಗೇ ಬರೆದಿದೆ. ಈ ಕಾರಣದಿಂದ ಎಸ್‌ಪಿಡಿಎಕ್ಸ್ ಪಟ್ಟಿ ತನ್ನ 3.0 ಆವೃತ್ತಿಯಿಂದ ಬರಿಯ ಜಿಪಿಎಲ್-2.0 ಎಂಬ ಹೆಸರನ್ನು ಕೈಬಿಟ್ಟು, ಕೊನೆಯಲ್ಲಿ ಓನ್ಲಿ ಅಥವಾ ಆರ್-ಲೇಟರ್ ಎಂದು ಸ್ಪಷ್ಟವಾಗಿ ಸೇರಿಸಿದ ಎರಡು ಹೆಸರುಗಳನ್ನು ತಂದಿದೆ. ಹೊಸ ಕಡತಗಳಲ್ಲಿ ಇವೆರಡರಲ್ಲಿ ಒಂದನ್ನೇ ಬಳಸಿರಿ.

ಒಂದಕ್ಕಿಂತ ಹೆಚ್ಚು ಪರವಾನಗಿಗಳಿದ್ದರೆ ಸಂಬಂಧವನ್ನು ದೊಡ್ಡ ಅಕ್ಷರಗಳ ಸಂಯೋಜಕ ಪದಗಳಿಂದ ತೋರಿಸಲಾಗುತ್ತದೆ. ಎರಡರಲ್ಲಿ ಬೇಕಾದುದನ್ನು ಆಯ್ದುಕೊಳ್ಳಿ ಎನ್ನಲು ಆರ್, ಎರಡಕ್ಕೂ ಬದ್ಧರಾಗಿರಿ ಎನ್ನಲು ಆಂಡ್, ವಿನಾಯಿತಿ ಸೇರಿಸಲು ವಿತ್. ರಸ್ಟ್ ಭಾಷೆಯ ಗ್ರಂಥಾಲಯಗಳಲ್ಲಿ ಎಂಐಟಿ ಆರ್ ಅಪಾಚೆ-2.0 ಎಂಬ ಜೋಡಿ ಸಾಮಾನ್ಯ. ಆರ್ ಮತ್ತು ಆಂಡ್ ಅದಲುಬದಲಾದರೆ ಅರ್ಥವೇ ತಿರುಗಿಬೀಳುತ್ತದೆ.

ಪೂರ್ಣ ಪ್ಯಾರಾ ಇನ್ನು ಬೇಡವೇ ಎಂದು ಕೇಳಬಹುದು. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ತನ್ನ ಯೋಜನೆಗಳ ಕಡತಗಳಲ್ಲಿ ಪೂರ್ಣ ಸೂಚನೆಯೇ ಇರಬೇಕೆಂದು ಬಯಸುತ್ತದೆ, ಎಂಪಿಎಲ್ 2.0 ತನ್ನ ಅನುಬಂಧದಲ್ಲಿ ಚಿಕ್ಕದೊಂದು ಸೂಚನೆಯ ಪಠ್ಯವನ್ನು ಕೊಟ್ಟಿದೆ. ನೀವು ಸೇರಿರುವ ಯೋಜನೆಗೆ ತನ್ನದೇ ನಿಯಮವಿದ್ದರೆ ಅದನ್ನು ಪಾಲಿಸಿ, ಇಲ್ಲದಿದ್ದರೆ ಎರಡು ಸಾಲು ಸಾಕು.

ನಾಲ್ಕನೆಯ ಹಂತ: ಸರಿಯಾದ ಜಾಗ

ಸೂಚನೆ ಇರಬೇಕಾದದ್ದು ಕಡತದಲ್ಲಿ ಸಾಧ್ಯವಿರುವ ಮೊದಲ ಸಾಲಿನಲ್ಲಿ, ಆ ಭಾಷೆಯ ಕಾಮೆಂಟ್ ರೂಪದಲ್ಲಿ, ಅಂದರೆ ಯಂತ್ರ ಓದದೆ ಬಿಡುವ ಟಿಪ್ಪಣಿಯಾಗಿ. ಸಾಧ್ಯವಿರುವ ಎಂಬ ಮಾತು ಇಲ್ಲಿ ಮುಖ್ಯ. ಶೆಲ್ ಅಥವಾ ಪೈಥಾನ್ ಸ್ಕ್ರಿಪ್ಟಿನ ಮೊದಲ ಸಾಲು ಶೆಬ್ಯಾಂಗ್‌ಗೆ, ಅಂದರೆ ಅದನ್ನು ಯಾವ ತಂತ್ರಾಂಶದಿಂದ ಓಡಿಸಬೇಕೆಂದು ಹೇಳುವ ಸಾಲಿಗೆ, ಮೀಸಲು. ಅದರ ಮೇಲೆ ಕಾಮೆಂಟ್ ಬಂದರೆ ಸ್ಕ್ರಿಪ್ಟ್ ಓಡುವುದಿಲ್ಲ ಅಥವಾ ತಪ್ಪು ಶೆಲ್‌ನಲ್ಲಿ ಓಡುತ್ತದೆ. ಪೈಥಾನ್ ಕಡತದಲ್ಲಿ ಅಕ್ಷರ ಸಂಕೇತದ ಘೋಷಣೆಯಿದ್ದರೆ ಅದು ಮೊದಲ ಎರಡು ಸಾಲುಗಳೊಳಗೇ ಇರಬೇಕೆಂಬ ನಿಯಮವಿರುವುದರಿಂದ, ಶೆಬ್ಯಾಂಗ್ ಕೂಡ ಇದ್ದಾಗ ಸೂಚನೆ ಮೂರನೆಯ ಸಾಲಿಗೆ ಇಳಿಯಬೇಕು. ಎಕ್ಸ್‌ಎಂಎಲ್ ಘೋಷಣೆಯ ಮುಂದೆ ಏನೂ ಬರುವಂತಿಲ್ಲ. ಪಿಎಚ್‌ಪಿಯ ಆರಂಭ ಗುರುತಿನ ಮುಂದೆ ಬರೆದದ್ದೆಲ್ಲವೂ ಪುಟದಲ್ಲಿ ಮುದ್ರಿತವಾಗಿಬಿಡುತ್ತದೆ. ಲಿನಕ್ಸ್ ಕರ್ನೆಲ್‌ನಲ್ಲಿ ಸಿ ಭಾಷೆಯ ಮೂಲ ಕಡತಗಳಿಗೆ ಎರಡು ಓರೆಗೆರೆಗಳ ಕಾಮೆಂಟನ್ನು, ಹೆಡರ್ ಕಡತಗಳಿಗೆ ಓರೆಗೆರೆ ಮತ್ತು ನಕ್ಷತ್ರದ ಹಳೆಯ ಶೈಲಿಯ ಕಾಮೆಂಟನ್ನು ಬಳಸುವ ನಿಯಮವಿದೆ. ಹೆಡರುಗಳು ಅಸೆಂಬ್ಲರ್‌ನಂತಹ ಉಪಕರಣಗಳ ಬಾಯಿಗೂ ಹೋಗುತ್ತವೆ, ಅವುಗಳಲ್ಲಿ ಹಳೆಯವಕ್ಕೆ ಎರಡು ಓರೆಗೆರೆಗಳ ಕಾಮೆಂಟ್ ಅರ್ಥವಾಗದು.

ಜಾವಾಸ್ಕ್ರಿಪ್ಟ್ ಬರೆಯುವವರಿಗೆ ಇನ್ನೊಂದು ಮಾತು. ಕಡತವನ್ನು ಕುಗ್ಗಿಸುವ ಮಿನಿಫೈಯರ್ ಕಾಮೆಂಟುಗಳನ್ನೆಲ್ಲ ಅಳಿಸುತ್ತದೆ, ಅದರೊಂದಿಗೆ ನಿಮ್ಮ ಸೂಚನೆಯೂ ಅಳಿಯುತ್ತದೆ. ಕಾಮೆಂಟನ್ನು ಆಶ್ಚರ್ಯ ಚಿಹ್ನೆಯಿಂದ ಆರಂಭಿಸಿದರೆ ಅಥವಾ ಅದರೊಳಗೆ ಆಟ್ ಚಿಹ್ನೆಯೊಡನೆ ಲೈಸೆನ್ಸ್ ಎಂದು ಬರೆದರೆ ಹಲವು ಮಿನಿಫೈಯರ್‌ಗಳು ಅದನ್ನು ಉಳಿಸುತ್ತವೆ. ಕುಗ್ಗಿದ ಕಡತವನ್ನು ತೆರೆದು ಸೂಚನೆ ಉಳಿದಿದೆಯೇ ಎಂದು ಒಮ್ಮೆ ಕಣ್ಣಾರೆ ನೋಡಿಬಿಡಿ.

ಚಿತ್ರಗಳು, ಫಾಂಟುಗಳು, ಜೇಸನ್ ಕಡತಗಳು ಕಾಮೆಂಟಿಗೆ ಎಡೆ ಕೊಡುವುದಿಲ್ಲ. ಇವುಗಳಿಗಾಗಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಯುರೋಪ್ 2017ರಲ್ಲಿ ಆರಂಭಿಸಿದ ರೀಯೂಸ್ ಕ್ರಮ ಸರಳ ಉಪಾಯವನ್ನು ಹೇಳುತ್ತದೆ: ಅದೇ ಹೆಸರಿನ ಕೊನೆಯಲ್ಲಿ ಚುಕ್ಕೆ ಮತ್ತು ಲೈಸೆನ್ಸ್ ಎಂಬ ಪದವನ್ನು ಸೇರಿಸಿದ ಪುಟ್ಟ ಕಡತವೊಂದನ್ನು ಪಕ್ಕದಲ್ಲಿಟ್ಟು, ಎರಡು ಸಾಲುಗಳನ್ನು ಅದರೊಳಗೆ ಬರೆಯುವುದು. ನೂರಾರು ಚಿತ್ರಗಳಿರುವ ಫೋಲ್ಡರಿಗೆ ಒಂದೊಂದಾಗಿ ಬರೆಯುವ ಬದಲು ರೀಯೂಸ್‌ನ ಟಾಮ್ಲ್ ಎಂಬ ಸಂರಚನಾ ಕಡತದಲ್ಲಿ ಒಟ್ಟಾಗಿ ಹೇಳಬಹುದು.

ಐದನೆಯ ಹಂತ: ಬೇರೆಯವರ ಕೋಡನ್ನು ಸೇರಿಸಿಕೊಳ್ಳುವಾಗ

ಈ ಲೇಖನದಲ್ಲಿ ಒಂದೇ ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದು ಆಗಿರಲಿ ಎಂದು ಬಯಸುತ್ತೇನೆ. ಬೇರೆಯವರ ಕಡತವನ್ನು ತಂದಾಗ ಅದರ ತಲೆಯಲ್ಲಿರುವ ಯಾವ ಸಾಲನ್ನೂ ಅಳಿಸಬೇಡಿ, ತಿದ್ದಬೇಡಿ, ನಿಮ್ಮ ಶೈಲಿಗೆ ಹೊಂದಿಸಲು ಹೋಗಬೇಡಿ. ಎಂಐಟಿ ಪರವಾನಗಿ ಕೇಳುವ ಪ್ರತಿಫಲ ಇದೊಂದೇ: ಹಕ್ಕುಸ್ವಾಮ್ಯದ ಸೂಚನೆ ಮತ್ತು ಅನುಮತಿಯ ಸೂಚನೆ ಎಲ್ಲ ಪ್ರತಿಗಳಲ್ಲಿ, ಗಣನೀಯ ಭಾಗಗಳಲ್ಲಿಯೂ, ಇರಬೇಕು. ಹಣ ಕೇಳದೆ ಕೊಟ್ಟವರು ಬಯಸಿದ ಒಂದೇ ಒಂದು ಷರತ್ತನ್ನು ಮುರಿಯುವುದು ಕಾನೂನಿನ ತಪ್ಪಷ್ಟೇ ಅಲ್ಲ, ಕೃತಘ್ನತೆಯೂ ಹೌದು.

ಇದು ನ್ಯಾಯಾಲಯದಲ್ಲಿ ನಿಲ್ಲುವ ಮಾತೇ ಎಂಬ ಸಂದೇಹಕ್ಕೆ 2008ರ ಆಗಸ್ಟ್ 13ರಂದು ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಜೇಕಬ್‌ಸನ್ ವಿರುದ್ಧ ಕ್ಯಾಟ್ಜರ್ ಪ್ರಕರಣದಲ್ಲಿ ಉತ್ತರಿಸಿತು. ಮಾದರಿ ರೈಲುಗಳನ್ನು ನಿಯಂತ್ರಿಸುವ ಓಪನ್ ಸೋರ್ಸ್ ತಂತ್ರಾಂಶದ ಕಡತಗಳನ್ನು ಪ್ರತಿವಾದಿಗಳು ತಮ್ಮ ಉತ್ಪನ್ನದಲ್ಲಿ ಬಳಸಿಕೊಂಡಿದ್ದರು. ಬರೆದವರ ಹೆಸರುಗಳು, ಹಕ್ಕುಸ್ವಾಮ್ಯ ಸೂಚನೆಗಳು, ಕಾಪಿಯಿಂಗ್ ಕಡತದ ಉಲ್ಲೇಖ, ಮೂಲವನ್ನು ಹೇಗೆ ಬದಲಿಸಲಾಗಿದೆ ಎಂಬ ವಿವರಣೆ ಅವರ ಪ್ರತಿಗಳಲ್ಲಿ ಇರಲಿಲ್ಲ. ಹಣದ ವ್ಯವಹಾರವಿಲ್ಲದ ಮಾತ್ರಕ್ಕೆ ಇಂತಹ ಷರತ್ತುಗಳಿಗೆ ಬೆಲೆಯಿಲ್ಲ ಎನ್ನಲಾಗದು, ಅವುಗಳನ್ನು ಹಕ್ಕುಸ್ವಾಮ್ಯ ಕಾನೂನಿನ ಮೂಲಕವೇ ಜಾರಿಗೊಳಿಸಬಹುದು ಎಂದು ನ್ಯಾಯಾಲಯ ಹೇಳಿತು. ಕಡತದ ತಲೆಯ ಆ ಕೆಲವು ಸಾಲುಗಳೇ ಮೊಕದ್ದಮೆಯ ತಿರುಳಾಗಿದ್ದವು.

ಉಳಿಸಿಕೊಳ್ಳುವುದರ ಜೊತೆಗೆ ನೀವು ಸೇರಿಸಬೇಕಾದದ್ದೂ ಉಂಟು. ಗಮನಾರ್ಹ ಬದಲಾವಣೆ ಮಾಡಿದ್ದರೆ ಮೂಲ ಸಾಲಿನ ಕೆಳಗೆ ನಿಮ್ಮ ಹಕ್ಕುಸ್ವಾಮ್ಯದ ಸಾಲನ್ನು ಸೇರಿಸಿ; ಒಂದೆರಡು ಕಾಗುಣಿತದ ತಪ್ಪುಗಳನ್ನು ತಿದ್ದಿದ ಮಾತ್ರಕ್ಕೆ ಹೆಸರು ಸೇರಿಸಬೇಡಿ. ಅಪಾಚೆ 2.0ರ ನಾಲ್ಕನೆಯ ವಿಭಾಗವು ಬದಲಿಸಿದ ಕಡತದಲ್ಲಿ ಬದಲಾವಣೆಯಾಗಿದೆ ಎಂಬ ಸೂಚನೆ ಎದ್ದು ಕಾಣುವಂತಿರಬೇಕು ಎನ್ನುತ್ತದೆ. ಜಿಪಿಎಲ್‌ನ ಎರಡನೆಯ ಆವೃತ್ತಿ ಇದರೊಂದಿಗೆ ದಿನಾಂಕವನ್ನೂ ಕೇಳುತ್ತದೆ. ಅಪಾಚೆ ಯೋಜನೆಯೊಂದಿಗೆ ನೋಟಿಸ್ ಎಂಬ ಕಡತವಿದ್ದರೆ, ನಿಮಗೆ ಸಂಬಂಧಿಸಿದ ಅದರ ಸೂಚನೆಗಳು ನಿಮ್ಮ ವಿತರಣೆಯಲ್ಲಿಯೂ ಓದುವಂತಿರಬೇಕು. ಎಂಐಟಿ ಕಡತದಲ್ಲಿ ಎಸ್‌ಪಿಡಿಎಕ್ಸ್ ಗುರುತು ಮಾತ್ರ ಇದ್ದರೆ ಅದನ್ನು ತಂದುಕೊಳ್ಳುವಾಗ ಅವರ ಪರವಾನಗಿಯ ಪೂರ್ಣ ಪಠ್ಯವನ್ನೂ ತರಲೇಬೇಕು, ಏಕೆಂದರೆ ಒಂದು ಸಾಲಿನ ಗುರುತು ಅನುಮತಿಯ ಸೂಚನೆಯೆನಿಸದು.

ತಂದ ಕಡತದ ಪರವಾನಗಿ ನಿಮ್ಮ ಯೋಜನೆಯದಕ್ಕಿಂತ ಬೇರೆಯಾಗಿದ್ದರೆ ಆ ಕಡತದ ಗುರುತು ಅದರದೇ ಆಗಿ ಉಳಿಯಬೇಕು. ಮುಖ್ಯ ಫೋಲ್ಡರಿನ ಪರವಾನಗಿ ಒಳಗಿರುವ ಪ್ರತಿಯೊಂದನ್ನೂ ತಾನಾಗಿ ಆವರಿಸುತ್ತದೆ ಎಂದು ಭಾವಿಸಿ ಗುರುತನ್ನು ಬದಲಿಸುವುದು ಪದೇ ಪದೇ ಕಾಣುವ ತಪ್ಪು. ಸೂಚನೆಯನ್ನು ಬದಲಿಸುವ ಅಧಿಕಾರ ಹಕ್ಕುದಾರರಿಗೆ ಮಾತ್ರ. ಜಾಹೀರಾತುಗಳಲ್ಲಿ ಮೂಲದವರನ್ನು ಹೆಸರಿಸಬೇಕೆಂಬ ಬಿಎಸ್‌ಡಿ ಪರವಾನಗಿಯ ಷರತ್ತನ್ನು 1999ರ ಜುಲೈ 22ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ರದ್ದುಪಡಿಸಿದಾಗ ಅದು ಅನ್ವಯಿಸಿದ್ದು ವಿಶ್ವವಿದ್ಯಾಲಯದ ಹಕ್ಕಿನ ಕೋಡಿಗೆ ಮಾತ್ರ. ಅದೇ ಪಠ್ಯವನ್ನು ತಮ್ಮ ಹೆಸರಿನಲ್ಲಿ ಬಳಸಿದ್ದ ಇತರರು ತಮ್ಮ ಕಡತಗಳ ಬಗ್ಗೆ ತಾವೇ ನಿರ್ಧರಿಸಬೇಕಾಯಿತು.

ಆರನೆಯ ಹಂತ: ಹಳೆಯ ಯೋಜನೆಗೆ ಸೂಚನೆ ಸೇರಿಸುವುದು

ವರ್ಷಗಳಿಂದ ಸೂಚನೆಯಿಲ್ಲದೆ ಬೆಳೆದ ಯೋಜನೆ ನಿಮ್ಮ ಕೈಯಲ್ಲಿದ್ದರೆ ಅಂಜಬೇಕಾಗಿಲ್ಲ. ಲಿನಕ್ಸ್ ಕರ್ನೆಲ್ ಕೂಡ ಇದೇ ಸ್ಥಿತಿಯಲ್ಲಿತ್ತು. ಅದರ ಸಾವಿರಾರು ಕಡತಗಳಲ್ಲಿ ಪರವಾನಗಿಯ ಮಾತೇ ಇರಲಿಲ್ಲ. 2017ರ ನವೆಂಬರಿನ 4.14 ಆವೃತ್ತಿಯ ಹೊತ್ತಿಗೆ ಅವುಗಳಿಗೆ ಎಸ್‌ಪಿಡಿಎಕ್ಸ್ ಗುರುತುಗಳನ್ನು ಹಾಕುವ ಕೆಲಸ ಆರಂಭವಾಯಿತು. ಸೂಚನೆಯಿಲ್ಲದ ಕಡತ ಕರ್ನೆಲ್‌ನ ಒಟ್ಟಾರೆ ಪರವಾನಗಿಯಾದ ಜಿಪಿಎಲ್ ಎರಡನೆಯ ಆವೃತ್ತಿಗೆ ಸೇರುತ್ತದೆ ಎಂಬ ಆಧಾರದ ಮೇಲೆ, ಪರವಾನಗಿಯ ಮಾತುಗಳನ್ನು ಹುಡುಕುವ ಸ್ಕ್ಯಾನರ್‌ಗಳ ಫಲಿತಾಂಶವನ್ನು ಮನುಷ್ಯರು ಪರಿಶೀಲಿಸಿ ಗುರುತು ಹಾಕಿದರು.

ನೀವೂ ಅದೇ ಕ್ರಮವನ್ನು ಅನುಸರಿಸಬಹುದು. ಮೊದಲು ಸ್ಕ್ಯಾನ್‌ಕೋಡ್ ಅಥವಾ ಫಾಸಾಲಜಿಯಂತಹ ಉಪಕರಣದಿಂದ ಇಡೀ ಯೋಜನೆಯನ್ನು ಶೋಧಿಸಿ, ಹೊರಗಿನಿಂದ ಬಂದ ಕಡತಗಳನ್ನು ಬೇರ್ಪಡಿಸಿ. ಅನುಮಾನ ಬಂದ ಕಡತದ ಗಿಟ್ ಇತಿಹಾಸವನ್ನು ಮೊದಲ ಕಮಿಟ್‌ವರೆಗೂ, ಅಂದರೆ ಮೊದಲು ದಾಖಲಾದ ಬದಲಾವಣೆಯವರೆಗೂ, ಹಿಂಬಾಲಿಸಿ; ಒಂದೇ ಕಮಿಟ್‌ನಲ್ಲಿ ಸಾವಿರ ಸಾಲು ದಿಢೀರನೆ ಬಂದಿದ್ದರೆ ಅದು ಎಲ್ಲಿಂದಲೋ ನಕಲಾಗಿರುವ ಸಂಭವ ಹೆಚ್ಚು. ಮೂಲ ಸಿಗದಿದ್ದರೆ ಬರೆದವರನ್ನೇ ಕೇಳಿ. ಅವರೂ ಸಿಗದಿದ್ದರೆ ಊಹಿಸಿ ಗುರುತು ಹಾಕುವುದಕ್ಕಿಂತ ಆ ಕಡತವನ್ನು ತೆಗೆದು ಹೊಸದಾಗಿ ಬರೆಯುವುದು ಕ್ಷೇಮ. ಉಳಿದ, ನಿಮ್ಮದೇ ಎಂದು ಖಚಿತವಾದ ಕಡತಗಳಿಗೆ ಮಾತ್ರ ಉಪಕರಣದಿಂದ ಒಟ್ಟಿಗೆ ಸೂಚನೆ ಸೇರಿಸಿ, ಆ ಕಮಿಟ್‌ನಲ್ಲಿ ಬೇರೆ ಯಾವ ಬದಲಾವಣೆಯನ್ನೂ ಬೆರೆಸಬೇಡಿ.

ಏಳನೆಯ ಹಂತ: ಪರಿಶೀಲನೆಯನ್ನು ಯಂತ್ರಕ್ಕೆ ಒಪ್ಪಿಸುವುದು

ರೀಯೂಸ್ ಉಪಕರಣದ ಲಿಂಟ್ ಆದೇಶವು ಪ್ರತಿ ಕಡತಕ್ಕೂ ಹಕ್ಕುಸ್ವಾಮ್ಯ ಮತ್ತು ಪರವಾನಗಿಯ ಮಾಹಿತಿ ಇದೆಯೇ, ಹೆಸರಿಸಿದ ಪ್ರತಿ ಪರವಾನಗಿಯ ಪಠ್ಯ ಲೈಸೆನ್ಸಸ್ ಫೋಲ್ಡರಿನಲ್ಲಿದೆಯೇ ಎಂದು ನೋಡಿ ವರದಿ ಕೊಡುತ್ತದೆ. ಅದನ್ನು ಪ್ರತಿ ಪುಲ್ ರಿಕ್ವೆಸ್ಟಿನಲ್ಲೂ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಓಡುವಂತೆ ಹೊಂದಿಸಿಟ್ಟರೆ ಸೂಚನೆಯಿಲ್ಲದ ಕಡತ ಒಳಗೆ ಬರುವ ಮುನ್ನವೇ ಸಿಕ್ಕಿಬೀಳುತ್ತದೆ. ಬರೆದದ್ದು ಸತ್ಯವೇ ಎಂಬುದನ್ನು ಮಾತ್ರ ಯಾವ ಉಪಕರಣವೂ ಹೇಳಲಾರದು; ಆ ಕೆಲಸ ವಿಮರ್ಶೆ ಮಾಡುವವರದು.

ಬಿಡುಗಡೆಯ ದಿನ ಇನ್ನೊಂದು ಪರೀಕ್ಷೆ ಉಳಿದಿರುತ್ತದೆ. ಬಳಕೆದಾರರಿಗೆ ತಲುಪುವ ಸಂಗ್ರಹ ಕಡತವನ್ನೇ ಖಾಲಿ ಫೋಲ್ಡರಿನಲ್ಲಿ ಬಿಚ್ಚಿ, ಪರವಾನಗಿಯ ಪಠ್ಯಗಳು, ನೋಟಿಸ್ ಕಡತ, ಪಕ್ಕದಲ್ಲಿಟ್ಟ ಲೈಸೆನ್ಸ್ ಕಡತಗಳು ಅದರೊಳಗೆ ಬಂದಿವೆಯೇ ಎಂದು ನೋಡಿ. ಕಂಪೈಲ್ ಮಾಡಿದ ರೂಪವನ್ನು ಮಾತ್ರ ಹಂಚುವುದಾದರೆ ಅದರಲ್ಲಿ ಕಾಮೆಂಟುಗಳು ಇರುವುದಿಲ್ಲ. ಆದರೂ ಬಿಎಸ್‌ಡಿ ಪರವಾನಗಿ ತನ್ನ ಸೂಚನೆಯನ್ನು ಜೊತೆಗಿನ ದಸ್ತಾವೇಜಿನಲ್ಲಿ ಅಥವಾ ಇತರ ಸಾಮಗ್ರಿಯಲ್ಲಿ ಮತ್ತೆ ಮುದ್ರಿಸಬೇಕೆಂದು ಕೇಳುತ್ತದೆ. ಆದ್ದರಿಂದ ಬಳಸಿಕೊಂಡ ಎಲ್ಲ ಗ್ರಂಥಾಲಯಗಳ ಸೂಚನೆಗಳನ್ನು ಒಂದೇ ಪಠ್ಯ ಕಡತದಲ್ಲಿ ಕೂಡಿಸಿ, ತಂತ್ರಾಂಶದ ಮಾಹಿತಿ ಪರದೆಯಿಂದ ಅದನ್ನು ತೆರೆಯುವಂತೆ ಮಾಡಿ. ಮೊಬೈಲ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಓಪನ್ ಸೋರ್ಸ್ ಪರವಾನಗಿಗಳು ಎಂಬ ಶೀರ್ಷಿಕೆಯಡಿ ಕಾಣುವ ಆ ಬಹು ಉದ್ದದ ಪುಟಗಳು ಈ ರೀತಿ ಸಿದ್ಧವಾದವು.